ಬಂಡೆಯೊಳಗಿನ ನೀರು, ಬಾನಿನ ಕಣ್ಣು: ದೇವರಗುಡ್ಡದ ಸೀಮೆಯ ಅಂತರ್ಜಲ ಮತ್ತು ದೂರಸಂವೇದಿ ವಿಜ್ಞಾನ

ಭೂಮಿಯನ್ನು ಸುತ್ತುವ ಯಾವ ಉಪಗ್ರಹಕ್ಕೂ ಅಂತರ್ಜಲ ನೇರವಾಗಿ ಕಾಣುವುದಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಂಡು ಹೊರಟರೆ, ಈ ವಿಷಯದ ಸುತ್ತ ಬೆಳೆದಿರುವ ಹಲವು ಭ್ರಮೆಗಳು ತಾವಾಗಿಯೇ ಕಳಚಿ ಬೀಳುತ್ತವೆ. ಸೂರ್ಯನ ಬೆಳಕು ಮಣ್ಣಿನ ಮೇಲ್ಮೈಯನ್ನು ಮುಟ್ಟಿ ಹಿಂದಿರುಗುತ್ತದೆ. ಉಪಗ್ರಹವೇ ಕಳಿಸುವ ರೇಡಾರ್ ಅಲೆಗಳು ಮೋಡವನ್ನು ಭೇದಿಸಬಲ್ಲವಾದರೂ ಸಾಮಾನ್ಯ ಹೊಲದ ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿದು ನಿಲ್ಲುತ್ತವೆ. ನೂರಾರು ಅಡಿ ಆಳದ ಬಂಡೆಯ ಬಿರುಕಿನಲ್ಲಿ ನಿಂತಿರುವ ನೀರಿನವರೆಗೆ ಇವೆರಡೂ ತಲುಪುವುದಿಲ್ಲ. ಬಾನಿನಿಂದ ಸಿಗುವುದು ಆ ನೀರಿನ ಕುರುಹುಗಳು ಮಾತ್ರ: ಬೇಸಿಗೆಯಲ್ಲೂ ಹಸಿರಾಗಿರುವ ತೋಟ, ಸುತ್ತಲಿನ ನೆಲಕ್ಕಿಂತ ತಂಪಾಗಿರುವ ಹೊಲ, ಗೆರೆ ಎಳೆದಂತೆ ನೇರವಾಗಿ ಹರಿಯುವ ಹಳ್ಳ, ಹಿಗ್ಗಿ ಕುಗ್ಗುವ ಕೆರೆಯ ಅಂಚು, ಇವುಗಳ ಜೊತೆಗೆ ಭೂಮಿಯ ಗುರುತ್ವದಲ್ಲಿ ಆಗುವ ಅತಿ ಸಣ್ಣ ಏರಿಳಿತ. ಈ ಕುರುಹುಗಳಲ್ಲಿ ಯಾವುದು ಯಾವ ನೆಲದಲ್ಲಿ ಎಷ್ಟು ನಂಬಿಕೆಗೆ ಅರ್ಹ ಎಂಬುದೇ ಅಂತರ್ಜಲ ನಿರ್ವಹಣೆಯಲ್ಲಿ ದೂರಸಂವೇದಿ ವಿಜ್ಞಾನದ ಮುಖ್ಯ ಪ್ರಶ್ನೆಯಾಗಿದ್ದು, ಪಂಜಾಬಿನ ಮೆಕ್ಕಲು ಮಣ್ಣಿನಲ್ಲಿ ಅದಕ್ಕೆ ಸಿಗುವ ಉತ್ತರ ಹಾವೇರಿ ಜಿಲ್ಲೆಯ ರಾಣೆಬೆನ್ನೂರು–ಬ್ಯಾಡಗಿ ಸೀಮೆಯ ಗಟ್ಟಿ ಬಂಡೆಯಲ್ಲಿ ಸಿಗುವುದಿಲ್ಲ ಎಂಬುದೇ ಈ ಉಪನ್ಯಾಸದ ವಾದ.

ಬಯಲುಸೀಮೆ ಮತ್ತು ಅರೆಮಲೆನಾಡುಗಳ ನಡುವೆ ಹರಡಿಕೊಂಡಿರುವ ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಪಶ್ಚಿಮದ ಹಾನಗಲ್ಲಿನಿಂದ ಪೂರ್ವದ ರಾಣೆಬೆನ್ನೂರಿನತ್ತ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗಿ, ಆ ತಾಲ್ಲೂಕಿನ ದೇವರಗುಡ್ಡದ ಆಸುಪಾಸಿನಲ್ಲಿ ವರ್ಷಕ್ಕೆ ಸರಿಸುಮಾರು 600 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ತುಂಗಭದ್ರೆ, ವರದಾ, ಕುಮುದ್ವತಿಗಳು ಜಿಲ್ಲೆಯಲ್ಲಿ ಹರಿಯುತ್ತವೆ. ಗಾಜನೂರಿನಿಂದ ಹೊರಡುವ ತುಂಗಾ ಮೇಲ್ದಂಡೆ ಕಾಲುವೆಯೂ ಈ ಭಾಗಕ್ಕೆ ನೀರು ತರುತ್ತದೆ. ಹಾಗಿದ್ದರೂ ಹೊಳೆಯ ದಂಡೆ ಮತ್ತು ಕಾಲುವೆಯ ಅಚ್ಚುಕಟ್ಟು ಬಿಟ್ಟು ಮೇಲೆ ಬಂದ ಕೂಡಲೇ ರೈತನ ಪಾಲಿಗೆ ಉಳಿಯುವುದು ಮಳೆ ಮತ್ತು ಬೋರು, ಇವೆರಡೇ. ನೆಲದಡಿಯ ಬಂಡೆ ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು. ಅದರ ಒಂದು ಭಾಗಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಗ್ರೇವ್ಯಾಕೆ ಎಂಬ ಕಪ್ಪುಬೂದು ಬಣ್ಣದ ಗಟ್ಟಿ ಮರಳುಗಲ್ಲು, ಪದರ ಪದರವಾಗಿ ಸೀಳುವ ಫಿಲೈಟ್, ಷಿಸ್ಟ್ ಮುಂತಾದ ಈ ಕಲ್ಲುಗಳ ಒಡಲಲ್ಲಿ ನೀರು ಹಿಡಿಯುವ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಹತ್ತಾರು ಅಡಿಗಳಷ್ಟು ಕೊಳೆತು ಪುಡಿಯಾದ ಬಂಡೆಯ ಪದರದಲ್ಲಿ, ಮತ್ತು ಅದರ ಕೆಳಗೆ ಅಲ್ಲಲ್ಲಿ ಸಿಗುವ ಬಿರುಕುಗಳಲ್ಲಿ. ಹಳೆಯ ತೆರೆದ ಬಾವಿಗಳು ಮೊದಲಿನದನ್ನು ನಂಬಿದ್ದವು. ಇಂದಿನ ಕೊಳವೆಬಾವಿಗಳು ಎರಡನೆಯದನ್ನು ಹುಡುಕುತ್ತ ಇಳಿಯುತ್ತಿವೆ. ಒಂದು ಹೊಲದಲ್ಲಿ ಎರಡು ಇಂಚು ನೀರು ಬಿದ್ದರೆ ಪಕ್ಕದ ಹೊಲದಲ್ಲಿ ಅಷ್ಟೇ ಆಳದ ಬೋರು ಬರೀ ಧೂಳು ಉಗುಳುವುದಕ್ಕೆ ಕಾರಣ, ಕೊರೆದ ಗುಂಡಿ ಬಿರುಕನ್ನು ಮುಟ್ಟಿತೋ ಇಲ್ಲವೋ ಎಂಬುದಷ್ಟೇ.

ಇಂಥ ನೆಲದಲ್ಲಿ ಮಳೆಯ ಎಷ್ಟು ಪಾಲು ಕೆಳಗಿಳಿಯುತ್ತದೆ ಎಂಬುದಕ್ಕೆ ದೇಶದ ಅಂತರ್ಜಲ ಅಂದಾಜು ಸಮಿತಿ ಕೆಲವು ಮಾನದಂಡಗಳನ್ನು ಕೊಟ್ಟಿದೆ. ಜೇಡಿಯ ಅಂಶ ಹೆಚ್ಚಿರುವ ಶಿಥಿಲ ನೈಸ್ ಮತ್ತು ಷಿಸ್ಟ್ ಪ್ರದೇಶದಲ್ಲಿ ಮಳೆಯ ನೂರಕ್ಕೆ 8 ಭಾಗ, ಫಿಲೈಟ್ ಇರುವಲ್ಲಿ 4 ಭಾಗ ಮಾತ್ರ ಅಂತರ್ಜಲವನ್ನು ಸೇರುತ್ತದೆಂದು ಹಿಡಿಯಬಹುದು. 600 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ 8 ಎಂದರೆ 48 ಮಿಲಿಮೀಟರ್. ಒಂದು ಎಕರೆಯ ಮೇಲೆ ಅದು ಸುಮಾರು 1 ಲಕ್ಷ 94 ಸಾವಿರ ಲೀಟರ್ ಆಗುತ್ತದೆ. ಗಂಟೆಗೆ 5,000 ಲೀಟರ್ ಎತ್ತುವ ಮೋಟಾರನ್ನು ದಿನಕ್ಕೆ ಏಳು ಗಂಟೆ ಓಡಿಸಿದರೆ ಆ ಎಕರೆಯ ಇಡೀ ವರ್ಷದ ಗಳಿಕೆ ಆರನೆಯ ದಿನ ಮುಗಿಯುವ ಹೊತ್ತಿಗೆ ಖಾಲಿಯಾಗಿರುತ್ತದೆ. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಗಿಡಗಳಿದ್ದು, ಹನಿ ನೀರಾವರಿಯಲ್ಲಿ ಪ್ರತಿ ಗಿಡಕ್ಕೆ ದಿನಕ್ಕೆ 18 ಲೀಟರಿನಂತೆ ಫೆಬ್ರುವರಿಯಿಂದ ಮೇ ತನಕ ನಾಲ್ಕು ತಿಂಗಳು ಕೊಟ್ಟರೆ ಬೇಕಾಗುವ ನೀರು ಹನ್ನೆರಡು ಲಕ್ಷ ಲೀಟರಿನ ಹತ್ತಿರ ಬರುತ್ತದೆ. ಎಂದರೆ ಒಂದು ಎಕರೆ ಅಡಿಕೆ ಒಂದೇ ಬೇಸಿಗೆಯಲ್ಲಿ ಆರು ಎಕರೆ ನೆಲದ ವರ್ಷದ ಇಂಗುವಿಕೆಯನ್ನು ಕುಡಿಯುತ್ತದೆ, ಅದೂ ಮಿತವ್ಯಯದ ಹನಿ ಪದ್ಧತಿಯಲ್ಲಿ. ಉಳಿದ ಐದು ಎಕರೆಯವರು ಗೋವಿನಜೋಳವನ್ನೋ ಹತ್ತಿಯನ್ನೋ ಮಳೆಯಾಶ್ರಯದಲ್ಲಿ ಬೆಳೆಯುವವರೆಗೆ ಈ ಲೆಕ್ಕ ಸರಿದೂಗುತ್ತದೆ. ಅವರೂ ಬೋರು ಕೊರೆಸಿದ ದಿನ ಅದು ಮುರಿಯುತ್ತದೆ. ಜಿಲ್ಲೆಯ ಅಂತರ್ಜಲದ ಕಥೆಯೆಲ್ಲ ಈ ಸಣ್ಣ ಗುಣಾಕಾರದಲ್ಲೇ ಇದೆ ಎಂದರೆ ಅತಿಶಯೋಕ್ತಿಯೇನೂ ಆಗದು.

ದೇವರಗುಡ್ಡದಲ್ಲಿ ನಿಂತು ಮಳೆಯ ಮಾತನ್ನಾಡುವಾಗ ಇಲ್ಲಿಯ ದೇವರು ಮಾಲತೇಶನ ಕಾರಣಿಕವನ್ನು ನೆನೆಯದಿರಲಾಗದು. ದಸರೆಯ ಸಮಯದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನಲ್ಲಿ ಮುಂದಿನ ಮಳೆ ಬೆಳೆಗಳ ಸುಳಿವನ್ನು ಅರಸುವ ಸಾವಿರಾರು ರೈತರು ಅದನ್ನು ಕೇಳಲೆಂದೇ ದೂರದೂರದಿಂದ ಬಂದು ಸೇರುತ್ತಾರೆ. ಆ ನಂಬಿಕೆಯನ್ನು ವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗುವುದು ಇಲ್ಲಿಯ ಕೆಲಸವಲ್ಲ. ಗಮನಿಸಬೇಕಾದದ್ದು ಇಷ್ಟೇ: ಬರಲಿರುವ ಮಳೆಯ ಬಗ್ಗೆ ಇಷ್ಟೊಂದು ಕಿವಿಗೊಡುವ ಸಮಾಜ, ಬಂದುಹೋದ ಮಳೆ ಎಲ್ಲಿ ಹೋಯಿತೆಂಬುದಕ್ಕೆ ಊರೂರಿನಲ್ಲಿ ಲೆಕ್ಕ ಇಡುವ ಪದ್ಧತಿಯನ್ನು ಬೆಳೆಸಿಕೊಳ್ಳಲಿಲ್ಲ. ಕೆರೆ ನೀರಾವರಿಯ ಕಾಲದಲ್ಲಿ ಅಂಥ ಲೆಕ್ಕಕ್ಕೆ ಅಗತ್ಯವೂ ಇರಲಿಲ್ಲ. ತೂಬಿನ ಬಳಿ ನಿಂತವನಿಗೆ ಉಳಿದಿರುವ ನೀರು ಕಣ್ಣಿಗೇ ಕಾಣುತ್ತಿತ್ತು. ನೀರು ಕಣ್ಮರೆಯಾಗಿ ಬಂಡೆಯೊಳಗೆ ಸೇರಿದ ಮೇಲೆ ಲೆಕ್ಕ ಯಾರದೂ ಆಗಲಿಲ್ಲ.

ಭಾರತದಲ್ಲಿ ದೂರಸಂವೇದಿ ಉಪಗ್ರಹಗಳ ಕಾರ್ಯಕ್ರಮ ಕನ್ನಡಿಗರಿಗೆ ಹತ್ತಿರದ ಸಂಗತಿ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ದೇಶದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಬೈಕನೂರಿನಿಂದ ಮೇಲೇರಿತು. ಅದಕ್ಕೂ ಎರಡು ವರ್ಷ ಮೊದಲು, 1986ರಲ್ಲಿ, ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಸ್ಥಾಪನೆಯಾಗಿತ್ತು, ಕೇಂದ್ರ ಸರ್ಕಾರದ ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್ ಕೂಡ ಆರಂಭವಾಗಿತ್ತು. ಈ ಮಿಷನ್ನಿನ ಅಡಿಯಲ್ಲಿ ಉಪಗ್ರಹ ಚಿತ್ರಗಳಿಂದ ಬಂಡೆಯ ಜಾತಿ, ನೆಲದ ರೂಪ, ಬಿರುಕಿನ ಗೆರೆಗಳನ್ನು ಗುರುತಿಸಿ ಅಂತರ್ಜಲ ಸಿಗುವ ಸಾಧ್ಯತೆಯ ನಕ್ಷೆಗಳನ್ನು ತಯಾರಿಸಲಾಯಿತು. ಮೊದಲು ದೊಡ್ಡ ಪ್ರದೇಶಗಳಿಗೆ ಒರಟಾಗಿ, ಆಮೇಲೆ 1:50,000 ಅಳತೆಯಲ್ಲಿ ವಿವರವಾಗಿ. ಬಿರುಕಿನ ಗೆರೆ ಎಂದರೆ ಭೂಮಿಯೊಳಗಿನ ಸೀಳು ಮೇಲ್ಮೈಯಲ್ಲಿ ಬಿಟ್ಟ ಗುರುತು: ಡೊಂಕಾಗಿ ಹರಿಯಬೇಕಿದ್ದ ಹಳ್ಳ ಮೈಲುಗಟ್ಟಲೆ ನೇರವಾಗಿ ಸಾಗುವುದು, ಒಣಹೊಲಗಳ ನಡುವೆ ಒಂದೇ ಸಾಲಿನಲ್ಲಿ ಮರಗಳು ಸೊಂಪಾಗಿ ಬೆಳೆದಿರುವುದು, ಮಣ್ಣಿನ ಬಣ್ಣ ಒಂದು ರೇಖೆಯಲ್ಲಿ ಥಟ್ಟನೆ ಬದಲಾಗುವುದು. ನೆಲದ ಮೇಲೆ ನಿಂತವನಿಗೆ ಇವುಗಳ ತುಣುಕುಗಳಷ್ಟೇ ಕಾಣುತ್ತವೆ. ಎಂಟುನೂರು–ಒಂಬೈನೂರು ಕಿಲೋಮೀಟರ್ ಎತ್ತರದಿಂದ ಅವೇ ಒಂದಕ್ಕೊಂದು ಸೇರಿ ಗೆರೆಯಾಗುತ್ತವೆ. ಆದರೆ ಪ್ರತಿಯೊಂದು ಗೆರೆಯೂ ನೀರಿನ ದಾರಿಯೇನಲ್ಲ. ಕೆಲವು ಗೆರೆಗಳು ಬಿರುಕಿನೊಳಗೆ ಶಿಲಾರಸ ನುಗ್ಗಿ ಗಟ್ಟಿಯಾದ ಡೈಕುಗಳಾಗಿದ್ದು, ಅವು ನೀರನ್ನು ಹರಿಯಬಿಡುವ ಬದಲು ಗೋಡೆಯಂತೆ ತಡೆಯುತ್ತವೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗಿಂತ ನಕ್ಷೆ ಖಂಡಿತ ಮೇಲು, ಆದರೂ ಅದು ಸಂಭವವನ್ನು ಹೇಳುತ್ತದೆಯೇ ಹೊರತು ಖಾತ್ರಿ ಕೊಡುವುದಿಲ್ಲ.

ಈ ನಕ್ಷೆಗಳು ಬರಗಾಲದಲ್ಲಿ ಹಳ್ಳಿಗಳ ಬಾಯಾರಿಕೆಗೆ ಒದಗಿದವು. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಹಾಗೆಂದು ಇನ್ನೊಂದು ಸತ್ಯವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಮೊದಲ ದಶಕಗಳಲ್ಲಿ ದೂರಸಂವೇದಿ ವಿಜ್ಞಾನ ಅಂತರ್ಜಲಕ್ಕೆ ಸಲ್ಲಿಸಿದ ಸೇವೆಯ ಬಹುಪಾಲು ನೀರನ್ನು ಹುಡುಕುವುದಕ್ಕೆ ಸಂಬಂಧಿಸಿತ್ತು, ಉಳಿಸುವುದಕ್ಕಲ್ಲ. ನೀರೆಲ್ಲಿದೆಯೆಂದು ತೋರಿಸುವ ವಿದ್ಯೆಗೆ ಕೂಡಲೇ ಗಿರಾಕಿಗಳು ಸಿಕ್ಕರು. ಎಷ್ಟು ಉಳಿದಿದೆಯೆಂದು ಹೇಳುವ ವಿದ್ಯೆಯನ್ನು ಕೇಳುವವರು ಬಹುಕಾಲ ಇರಲಿಲ್ಲ.

ಆ ಎರಡನೆಯ ಬಗೆಯ ವಿದ್ಯೆಗೆ ಜಗತ್ತಿನ ಗಮನ ಸೆಳೆದದ್ದು ಗ್ರೇಸ್ ಎಂಬ ಅವಳಿ ಉಪಗ್ರಹಗಳು. ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆಗಳು ಕೂಡಿ 2002ರ ಮಾರ್ಚ್ 17ರಂದು, ಐಆರ್‌ಎಸ್–1ಎ ಹಾರಿದ ದಿನಕ್ಕೆ ಸರಿಯಾಗಿ ಹದಿನಾಲ್ಕು ವರ್ಷಗಳ ಬಳಿಕ, ಇವನ್ನು ಹಾರಿಸಿದವು. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಸಾಗುತ್ತಿದ್ದ ಈ ಜೋಡಿಯಲ್ಲಿ ನೆಲವನ್ನು ನೋಡುವ ಕ್ಯಾಮೆರಾ ಇರಲಿಲ್ಲ. ಅವು ಅಳೆಯುತ್ತಿದ್ದುದು ತಮ್ಮಿಬ್ಬರ ನಡುವಿನ ದೂರವನ್ನು ಮಾತ್ರ. ಕೆಳಗಿನ ನೆಲದಲ್ಲಿ ತೂಕ ಹೆಚ್ಚಿದ್ದರೆ ಅಲ್ಲಿಯ ಗುರುತ್ವ ಮುಂದಿನ ಉಪಗ್ರಹವನ್ನು ತುಸು ಮೊದಲೇ ಎಳೆಯುತ್ತದೆ, ದೂರ ಕೂದಲೆಳೆಯ ಒಂದು ಅಂಶದಷ್ಟು ಬದಲಾಗುತ್ತದೆ. ತಿಂಗಳಿಂದ ತಿಂಗಳಿಗೆ ನೆಲದ ತೂಕದಲ್ಲಿ ಆಗುವ ವ್ಯತ್ಯಾಸಕ್ಕೆ ನೀರೇ ಬಹುಮಟ್ಟಿಗೆ ಕಾರಣವಾದ್ದರಿಂದ, ಅದರಲ್ಲಿ ಮಣ್ಣಿನ ತೇವ, ಕೆರೆ ಮತ್ತು ಜಲಾಶಯಗಳ ನೀರನ್ನು ಬೇರೆ ಲೆಕ್ಕಗಳಿಂದ ಅಂದಾಜಿಸಿ ಕಳೆದರೆ ಅಂತರ್ಜಲದ ಏರಿಳಿತ ಉಳಿಯುತ್ತದೆ. ಈ ವಿಧಾನದಿಂದ ಮ್ಯಾಥ್ಯೂ ರೊಡೆಲ್ ಮತ್ತು ಸಂಗಡಿಗರು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾಗಿದೆ: ರಾಜಸ್ಥಾನ, ಪಂಜಾಬ್ ಹಾಗೂ ದೆಹಲಿ ಸೇರಿದ ಹರಿಯಾಣ ಪ್ರದೇಶಗಳು 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ 109 ಘನ ಕಿಲೋಮೀಟರ್ ಅಂತರ್ಜಲವನ್ನು ಕಳೆದುಕೊಂಡಿದ್ದವು. ನಮ್ಮ ಕಡೆಯ ಅಳತೆಯಲ್ಲಿ ಅದು 3,800 ಟಿಎಂಸಿಗೂ ಹೆಚ್ಚು; ಹೂಳು ತುಂಬುವುದಕ್ಕೆ ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವನ್ನು ಇಪ್ಪತ್ತೆಂಟು ಬಾರಿ ತುಂಬಿಸುವಷ್ಟು. ಮೊದಲ ಜೋಡಿ 2017ರಲ್ಲಿ ಕೆಲಸ ನಿಲ್ಲಿಸಿದ ಮೇಲೆ 2018ರ ಮೇ ತಿಂಗಳಲ್ಲಿ ಅದರ ಉತ್ತರಾಧಿಕಾರಿ ಜೋಡಿ ಮೇಲೇರಿ ಅಳತೆಯನ್ನು ಮುಂದುವರಿಸಿದೆ.

ಈ ಯಶಸ್ಸನ್ನು ನೋಡಿ ಗ್ರೇಸ್ ನಕ್ಷೆಯ ಬಣ್ಣದಿಂದಲೇ ಹಾವೇರಿಯ ಅಂತರ್ಜಲದ ಭವಿಷ್ಯ ಹೇಳಹೊರಡುವವರಿದ್ದಾರೆ. ಎರಡು ಕಾರಣಗಳಿಂದ ಅದು ತಪ್ಪು ದಾರಿ. ಗ್ರೇಸ್ ಸ್ಪಷ್ಟವಾಗಿ ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಪ್ರದೇಶ ಹೆಚ್ಚುಕಡಿಮೆ ಇಡೀ ಕರ್ನಾಟಕದಷ್ಟು ದೊಡ್ಡದು. ಐದು ಸಾವಿರ ಚದರ ಕಿಲೋಮೀಟರೂ ಇಲ್ಲದ ಹಾವೇರಿ ಜಿಲ್ಲೆ, ಅದರೊಳಗಿನ ಬ್ಯಾಡಗಿ ತಾಲ್ಲೂಕು, ಅದರೊಳಗಿನ ಒಂದು ಹಳ್ಳಿ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಎರಡನೆಯ ಕಾರಣ. ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ನೆಲ ಬಿಟ್ಟುಕೊಡುವ ನೀರಿನ ಪಾಲಿಗೆ ವಿಶಿಷ್ಟ ಇಳುವರಿ ಎನ್ನುತ್ತಾರೆ. ಮರಳುಮಿಶ್ರಿತ ಮೆಕ್ಕಲಿನಲ್ಲಿ ಅದು ನೂರಕ್ಕೆ 16ರ ಸುಮಾರಿಗಿದ್ದರೆ, ಜೇಡಿ ಬೆರೆತ ಶಿಥಿಲ ಷಿಸ್ಟಿನಲ್ಲಿ ಒಂದೂವರೆ. ಬಿರುಕು ವಿರಳವಾದ ಇಡಿ ಬಂಡೆಯಲ್ಲಿ ನೂರಕ್ಕೆ 0.3 ಮಾತ್ರ. ಆದ್ದರಿಂದ ಪಂಜಾಬಿನ ಮೆಕ್ಕಲಿನಲ್ಲಿ ಮಟ್ಟ ಒಂದು ಮೀಟರ್ ಇಳಿದರೆ ಹೋಗುವಷ್ಟೇ ನೀರು ಇಲ್ಲಿಯ ಆಳದ ಬಂಡೆಯಿಂದ ಹೋಗಬೇಕಾದರೆ ಮಟ್ಟ ಐವತ್ತು ಮೀಟರಿಗೂ ಹೆಚ್ಚು ಇಳಿಯಬೇಕು. ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ರೈತನ ಬೋರಿನಲ್ಲಿ ನೀರು ನೂರೈವತ್ತು ಅಡಿ ಕೆಳಗೆ ಹೋದರೆ ಅವನ ಪಾಲಿಗೆ ಅದು ಬದುಕು ಮುಳುಗಿದಂತೆ. ಗುರುತ್ವ ಅಳೆಯುವ ಉಪಗ್ರಹದ ಪಾಲಿಗೆ ಅದು ತಪ್ಪಳತೆಯ ಅಂಚಿನಲ್ಲಿ ಬರುವ ಅಲ್ಪ ತೂಕ. ಗಟ್ಟಿ ಬಂಡೆಯ ನಾಡಿನಲ್ಲಿ ಸಂಕಟ ದೊಡ್ಡದು, ಅದರ ತೂಕ ಸಣ್ಣದು.

ರೇಡಾರ್ ಚಿತ್ರಗಳನ್ನು ಹೋಲಿಸಿ ನೆಲ ಕುಸಿಯುವುದನ್ನು ಅಳೆಯುವ ಇನ್ನೊಂದು ವಿಧಾನವೂ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಮೆಕ್ಸಿಕೋ ನಗರದಂಥ ಮೆತ್ತನೆಯ ಕೆಸರುನೆಲ ನೀರು ಎತ್ತಿದಂತೆ ಕುಗ್ಗುತ್ತದೆ; ಧಾರವಾಡದ ಬಂಡೆ ನೀರು ಹೋದರೂ ಕುಗ್ಗದೆ ಹಾಗೆಯೇ ನಿಂತಿರುತ್ತದೆ. 2025ರ ಜುಲೈ 30ರಂದು ಹಾರಿದ ನಾಸಾ–ಇಸ್ರೋ ಜಂಟಿ ಉಪಗ್ರಹ ನಿಸಾರ್ ಈ ಸೀಮೆಗೆ ಕೊಡಬಹುದಾದದ್ದು ಮುಖ್ಯವಾಗಿ ಮಣ್ಣಿನ ತೇವ ಮತ್ತು ಬೆಳೆಯ ಮಾಹಿತಿಯನ್ನು.

ದಕ್ಷಿಣ ಭಾರತದ ಅಂತರ್ಜಲದ ಬಗ್ಗೆ ಕೆಲವು ವರ್ಷಗಳ ಹಿಂದೆ ನಡೆದ ಒಂದು ವಿದ್ವತ್ ಚರ್ಚೆ ಈ ಎಚ್ಚರಿಕೆಗೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಗ್ರೇಸ್ ಮಾಹಿತಿ ಮತ್ತು ವೀಕ್ಷಣಾ ಬಾವಿಗಳ ದಾಖಲೆಗಳನ್ನು ಆಧರಿಸಿ 2017ರಲ್ಲಿ ‘ನೇಚರ್ ಜಿಯೋಸೈನ್ಸ್’ನಲ್ಲಿ ಬಂದ ಅಧ್ಯಯನವೊಂದು ಉತ್ತರದಲ್ಲಿ ಅಂತರ್ಜಲ ಇಳಿಯುತ್ತಿದ್ದರೆ ದಕ್ಷಿಣದಲ್ಲಿ ಏರುತ್ತಿದೆ ಎಂದಿತು. ಬೋರು ಬತ್ತಿ ಸಾಲಕ್ಕೆ ಸಿಕ್ಕಿದ ಕುಟುಂಬಗಳು ಪ್ರತಿ ಹಳ್ಳಿಯಲ್ಲೂ ಇರುವಾಗ ಇದು ಹೇಗೆ ಸಾಧ್ಯ? 2019ರಲ್ಲಿ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು ಈ ಒಗಟಿನ ಒಂದು ಎಳೆಯನ್ನು ಬಿಡಿಸಿದರು. ವೀಕ್ಷಣಾ ಬಾವಿ ಬತ್ತಿದಾಗ ಅಲ್ಲಿ ಅಳೆಯಲು ನೀರೇ ಇರುವುದಿಲ್ಲ, ದಾಖಲೆಯಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ವಿಶ್ಲೇಷಣೆ ಮಾಡುವವರು ಖಾಲಿ ಜಾಗಗಳಿರುವ ಬಾವಿಗಳನ್ನು ಕೈಬಿಟ್ಟು, ಪೂರ್ತಿ ದಾಖಲೆಯಿರುವ, ಎಂದರೆ ಬತ್ತದೆ ಉಳಿದ ಬಾವಿಗಳ ಸರಾಸರಿಯನ್ನಷ್ಟೇ ತೆಗೆಯುತ್ತಾರೆ. ಬದುಕುಳಿದವುಗಳ ಆರೋಗ್ಯವನ್ನು ನೋಡಿ ಎಲ್ಲವೂ ಕ್ಷೇಮವೆಂದು ಬರೆದಂತಾಗುತ್ತದೆ. ಬತ್ತಿದ ಬಾವಿಯೂ ಒಂದು ಅಳತೆಯೇ, ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಅಳತೆ, ಎಂಬ ಈ ಸರಳ ಮಾತು ನಮ್ಮ ಅಂಕಿಅಂಶ ವ್ಯವಸ್ಥೆಗೆ ಇನ್ನೂ ಪೂರ್ತಿ ಇಳಿದಿಲ್ಲ.

ಹಾಗಾದರೆ ಹಾವೇರಿಯಂಥ ಜಿಲ್ಲೆಗೆ ಉಪಗ್ರಹದಿಂದ ನಿಜವಾಗಿ ಒದಗುವುದೇನು? ಉಳಿದಿರುವ ನೀರನ್ನು ಅಳೆಯುವ ಆಸೆಯನ್ನು ಬಿಟ್ಟು, ಬೆಳೆ ಕುಡಿದ ನೀರನ್ನು ಅಳೆಯಲು ಹೊರಟಾಗ ಚಿತ್ರ ಸ್ಪಷ್ಟವಾಗುತ್ತದೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣವನ್ನು ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತದೆ; ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಹಸಿರಿನ ಸೂಚ್ಯಂಕ ದೊರೆಯುತ್ತದೆ. ಕಾಲುವೆಯಿಂದ ದೂರದ ಹೊಲವೊಂದು ಏಪ್ರಿಲ್ ತಿಂಗಳಿನಲ್ಲೂ ಹಸಿರಾಗಿದ್ದರೆ ಅದರ ಬೇರಿಗೆ ನೀರು ಬಂದಿರುವುದು ನೆಲದಡಿಯಿಂದಲೇ. ಯುರೋಪಿನ ಸೆಂಟಿನೆಲ್–2 ಉಪಗ್ರಹಗಳು 2015ರಿಂದ ಕೊಡುತ್ತಿರುವ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಚಿತ್ರಗಳಲ್ಲಿ ಒಂದು ಚುಕ್ಕೆ ನೆಲದ ಮೇಲಿನ ಹತ್ತು ಮೀಟರ್ ಚೌಕಕ್ಕೆ ಸಮ. ನೂರು ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಐಆರ್‌ಎಸ್–1ಎಯ ಮೊದಲ ಕ್ಯಾಮೆರಾದ ಒಂದು ಚುಕ್ಕೆಯೊಳಗೆ ಒಂದೂಕಾಲು ಎಕರೆಗೂ ಹೆಚ್ಚು ನೆಲ ಅಡಗಿರುತ್ತಿತ್ತು. ಈಗ ಪಹಣಿಯಲ್ಲಿ ಬರೆಯುವ ಗುಂಟೆಯೂ ಈ ಉಪಗ್ರಹದ ಚುಕ್ಕೆಯೂ ಹೆಚ್ಚುಕಡಿಮೆ ಒಂದೇ ಆಗಿವೆ. ರೈತನ ಲೆಕ್ಕ ಮತ್ತು ಬಾಹ್ಯಾಕಾಶದ ಲೆಕ್ಕ ಹೀಗೆ ಗುಂಟೆಯಲ್ಲಿ ಬಂದು ಕೂಡಿರುವುದು ಆಡಳಿತದ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಇದರಿಂದ ಏನು ಸಾಧ್ಯವೆಂಬುದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಕರ್ನಾಟಕದಲ್ಲೇ ಇರುವ ಉದಾಹರಣೆ. ಸುಮಾರು 84 ಚದರ ಕಿಲೋಮೀಟರಿನ ಆ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಶೇಖರ್ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಬಾವಿಯ ಮಟ್ಟ, ಮಣ್ಣಿನ ತೇವ, ಬೆಳೆ ಇವೆಲ್ಲವನ್ನೂ ನೆಲದ ಮೇಲೆ ನಿಂತು ಅಳೆದು ಉಪಗ್ರಹದ ಮಾಹಿತಿಗೆ ಜೋಡಿಸಿದ್ದಾರೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರಗಳನ್ನು ತೆರೆದು, 1990ರಿಂದ ಈಚೆಗೆ ಯಾವ ಹೊಲ ಎಷ್ಟು ಬಾರಿ ನೀರಾವರಿಗೆ ಒಳಪಟ್ಟಿತ್ತು ಎಂಬ ಇತಿಹಾಸವನ್ನೇ ಅಲ್ಲಿ ಮರಳಿ ಕಟ್ಟಲಾಗಿದೆ. ಯಾರೂ ದಾಖಲಿಸದೆ ಹೋದ ಬೋರುಗಳ ಚರಿತ್ರೆ ಹಳೆಯ ಚಿತ್ರಗಳ ಬಣ್ಣದಲ್ಲಿ ಉಳಿದಿತ್ತು. ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು, ರಟ್ಟೀಹಳ್ಳಿಗಳಲ್ಲಿ ಅಡಿಕೆ ಹೇಗೆ ಹಬ್ಬಿತು, ಯಾವ ಹಳ್ಳದ ಗುಂಟ ಮೊದಲು ಬಂತು, ಯಾವ ವರ್ಷ ಎಲ್ಲಿ ಒಣಗಿತು ಎಂಬ ಕಥೆಯೂ ಅದೇ ಭಂಡಾರದಲ್ಲಿದೆ, ತೆಗೆದು ಓದುವವರಿಗಾಗಿ.

ಓದುವಾಗ ಮಾತ್ರ ಊರಿನ ಪರಿಚಯ ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಹರಡಿದ್ದು, ಅದರ ಬಹುಭಾಗದಲ್ಲಿ ನೀಲಗಿರಿ ಗಿಡಗಳಿವೆ. ಏಪ್ರಿಲಿನ ಚಿತ್ರದಲ್ಲಿ ಅವೂ ಹಸಿರಾಗಿ ಕಾಣುತ್ತವೆ, ಅವಕ್ಕೆ ಯಾರೂ ಬೋರಿನ ನೀರು ಹಾಯಿಸದಿದ್ದರೂ. ಊರನ್ನು ಕಾಣದೆ ಬೆಂಗಳೂರಿನಲ್ಲಿ ಕುಳಿತು ನಕ್ಷೆ ಮಾಡುವವನು ಅದನ್ನು ಪಂಪ್‌ಸೆಟ್ಟಿನ ಖಾತೆಗೆ ಬರೆದುಬಿಡಬಹುದು. ಹೊಸದಾಗಿ ನೆಟ್ಟ ಅಡಿಕೆಯಲ್ಲಿ ಮೊದಲ ವರ್ಷಗಳಲ್ಲಿ ಗಿಡಕ್ಕಿಂತ ನಡುವಣ ಬರಿಮಣ್ಣೇ ಹೆಚ್ಚಾಗಿ ಕಾಣುವುದರಿಂದ ತೋಟವಿದ್ದರೂ ಇಲ್ಲದಂತೆ ತೋರುತ್ತದೆ. ರಾಣೆಬೆನ್ನೂರು ಹೆಸರುವಾಸಿಯಾಗಿರುವ ಬೀಜೋತ್ಪಾದನೆಯಲ್ಲಿ ಟೊಮೆಟೊ, ಮೆಣಸಿನಕಾಯಿಗಳ ತಳಿಬೀಜವನ್ನು ಹಲವರು ಬಲೆಮನೆಗಳಲ್ಲಿ ಬೆಳೆಯುತ್ತಾರೆ. ಬಲೆಯ ಕೆಳಗಿನ ಬೆಳೆ ಕುಡಿಯುವ ನೀರು ಬಾನಿನ ಕಣ್ಣಿಗೆ ಸಿಗುವುದಿಲ್ಲ. ಎರೆ ಭೂಮಿಯಲ್ಲಿ ಹಿಂಗಾರಿನ ಜೋಳ, ಕಡಲೆಗಳು ಮಣ್ಣಿನ ತೇವದಲ್ಲೇ ಜನವರಿಯವರೆಗೆ ಹಸಿರಾಗಿ ನಿಲ್ಲುವುದರಿಂದ, ಬೇಗ ಒಣಗುವ ಮಸಾರಿಗೆ ಹಾಕಿದ ಲೆಕ್ಕವನ್ನು ಎರೆಗೆ ಹಾಕಲಾಗದು.

ಹಸಿರಿನ ಸೂಚ್ಯಂಕ ಎಲ್ಲಿ ನೀರು ಕೊಡಲಾಗಿದೆ ಎಂಬುದನ್ನು ಹೇಳಿದರೆ, ಎಷ್ಟು ಕೊಡಲಾಗಿದೆ ಎಂಬುದರ ಅಂದಾಜು ನೆಲದ ಉಷ್ಣತೆಯಿಂದ ಬರುತ್ತದೆ. ಮಣ್ಣಿನ ಹೂಜಿ ತನ್ನ ಮೈಯಿಂದ ನೀರನ್ನು ಆವಿಯಾಗಿಸುತ್ತ ತಂಪಾಗುವಂತೆ ಎಲೆಯೂ ಬೆವರಿ ತಂಪಾಗುತ್ತದೆ. ನೀರು ಸಾಕಷ್ಟು ಸಿಗದ ಬೆಳೆ ಬಿಸಿಲಿನಲ್ಲಿ ಕಾಯುತ್ತದೆ. ಉಷ್ಣ ಚಿತ್ರದಿಂದ ಈ ವ್ಯತ್ಯಾಸವನ್ನು ಹಿಡಿದು ಆವಿಯಾದ ನೀರಿನ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನವನ್ನು ನೆದರ್ಲೆಂಡ್ಸಿನ ವಿಮ್ ಬಾಸ್ಟಿಯಾನ್ಸೆನ್ 1990ರ ದಶಕದಲ್ಲಿ ರೂಪಿಸಿದರು. ಆದರೆ ಲ್ಯಾಂಡ್‌ಸ್ಯಾಟ್–8ರ ಉಷ್ಣ ಚಿತ್ರದ ಒಂದು ಚುಕ್ಕೆ ನೂರು ಮೀಟರ್ ಚೌಕ, ಎಂದರೆ ಎರಡೂವರೆ ಎಕರೆ. ಅಷ್ಟರೊಳಗೆ ಈ ಕಡೆ ಇಬ್ಬರು ಮೂವರ ಹೊಲಗಳು, ಎರಡು ಬದು, ಒಂದು ಬಂಡಿದಾರಿ ಬಂದುಹೋಗುತ್ತವೆ. ಆದ್ದರಿಂದ ಒಂದೊಂದು ಸರ್ವೆ ನಂಬರಿಗೆ ನೀರಿನ ಲೆಕ್ಕ ಹೇಳುವ ಭರವಸೆಗಳನ್ನು ಅನುಮಾನದಿಂದಲೇ ನೋಡಬೇಕು. ಹಳ್ಳಿಯ ಮಟ್ಟಕ್ಕೆ, ಕಿರುಜಲಾನಯನದ ಮಟ್ಟಕ್ಕೆ ಈ ಲೆಕ್ಕ ಸಾಕಷ್ಟು ಗಟ್ಟಿಯಾಗಿದ್ದು, ಯೋಜನೆಗೆ ಬೇಕಾದದ್ದೂ ಅದೇ.

ನೀರಿನ ಖರ್ಚಿನಿಂದ ಗಳಿಕೆಯ ಕಡೆಗೆ ಬಂದರೆ ಕೆರೆಗಳ ಮಾತು ಬರುತ್ತದೆ. ಹಾವೇರಿಯ ಹೆಗ್ಗೇರಿ, ಮಾಸೂರಿನ ಮದಗದ ಕೆರೆಗಳಂಥ ದೊಡ್ಡವು ಮಾತ್ರವಲ್ಲದೆ ಹೆಸರಿಲ್ಲದ ನೂರಾರು ಗೋಕಟ್ಟೆ, ಸಣ್ಣ ಕೆರೆಗಳ ನೀರಿನ ಹರವನ್ನು ಮಳೆಗಾಲದ ಮೋಡದ ನಡುವೆಯೂ ಸೆಂಟಿನೆಲ್–1 ಉಪಗ್ರಹದ ರೇಡಾರ್ ತೋರಿಸಬಲ್ಲದು. ಹರವು ತಿಳಿದರೆ ಪ್ರಮಾಣ ತಿಳಿದಂತಾಗುವುದಿಲ್ಲ. ಹೂಳು ತೆಗೆದ ಕೆರೆ ಅಷ್ಟೇ ಅಗಲದಲ್ಲಿ ಹೆಚ್ಚು ನೀರು ಹಿಡಿದಿರುತ್ತದೆ, ಅಂತರಗಂಗೆ ಮುಚ್ಚಿದ ಕೆರೆ ಚಿತ್ರದಲ್ಲಿ ಹೊಲದಂತೆ ಕಾಣುತ್ತದೆ. ಜಲಾನಯನ ಕಾಮಗಾರಿಗಳ ಫಲವನ್ನು ಉಪಗ್ರಹದಿಂದ ಪರೀಕ್ಷಿಸುವ ಪ್ರಯೋಗ ಈ ಜಿಲ್ಲೆಗೆ ಹೊಸದೂ ಅಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ನಡೆದ ಸುಜಲಾ ಯೋಜನೆ ಆಯ್ದುಕೊಂಡ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಎಂಬ ಐದು ಜಿಲ್ಲೆಗಳಲ್ಲಿ ಇದೂ ಒಂದು. ಬದು, ಚೆಕ್‌ಡ್ಯಾಂ, ಕೃಷಿಹೊಂಡಗಳು ಆಗುವ ಮೊದಲಿನ ಮತ್ತು ಆದ ಮೇಲಿನ ಚಿತ್ರಗಳನ್ನು ಹೋಲಿಸಿ ಮೌಲ್ಯಮಾಪನ ಮಾಡುವ ಹೊಣೆಯನ್ನು ಇಸ್ರೋದ ಅಂಗಸಂಸ್ಥೆ ಆಂಟ್ರಿಕ್ಸ್ ಹೊತ್ತಿತ್ತು. ಗುತ್ತಿಗೆದಾರನ ಬಿಲ್ಲಿನ ಜೊತೆಗೆ ಬಾನಿನ ಚಿತ್ರವೂ ಕಡತಕ್ಕೆ ಸೇರಿದ ಆ ಕ್ರಮ ದೇಶಕ್ಕೇ ಮಾದರಿಯಾಗಬಹುದಾದದ್ದು. ಹೀಗಿದ್ದೂ ಹಸಿರು ಹೆಚ್ಚಿದ ಕೂಡಲೇ ಯೋಜನೆ ಗೆದ್ದಿತು ಎನ್ನುವುದರಲ್ಲಿ ಒಂದು ಮೋಸವಿದೆ. ಚೆಕ್‌ಡ್ಯಾಮಿನ ಸುತ್ತ ಬೇಸಿಗೆಯ ಹಸಿರು ಹೆಚ್ಚಿದ್ದಕ್ಕೆ ಇಂಗಿದ ನೀರು ಕಾರಣವಿರಬಹುದು, ಅಥವಾ ಇಂಗುತ್ತದೆಂಬ ಧೈರ್ಯದಿಂದ ಕೊರೆದ ಹತ್ತು ಹೊಸ ಬೋರುಗಳು ಕಾರಣವಿರಬಹುದು. ಬಾವಿಯ ಮಟ್ಟವನ್ನು ಜೊತೆಗಿಟ್ಟು ನೋಡದೆ ಈ ಎರಡನ್ನೂ ಬೇರೆ ಮಾಡುವ ಉಪಾಯವಿಲ್ಲ.

ಕಾನೂನಿನ ಕಡೆ ಕರ್ನಾಟಕ 2011ರಲ್ಲೇ ಅಂತರ್ಜಲ ನಿಯಂತ್ರಣ ಕಾಯ್ದೆಯನ್ನು ಮಾಡಿಕೊಂಡಿದೆ. ಎತ್ತುವ ನೀರು ವರ್ಷದ ಲಭ್ಯತೆಯ ನೂರಕ್ಕೆ 70ರ ಒಳಗಿದ್ದರೆ ಸುರಕ್ಷಿತ, 90ರವರೆಗೆ ಅರೆಗಂಭೀರ, 100ರವರೆಗೆ ಗಂಭೀರ, ಅದಕ್ಕೂ ಮೀರಿದರೆ ಅತಿಬಳಕೆ ಎಂದು ತಾಲ್ಲೂಕುಗಳನ್ನು ವಿಂಗಡಿಸುವ ಪದ್ಧತಿಯೂ ಇದೆ. ತಾಲ್ಲೂಕಿನ ಸರಾಸರಿ ಮಾತ್ರ ಯಾರ ಬೋರಿಗೂ ಅನ್ವಯಿಸುವುದಿಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಊರನ್ನೂ ಮೇಲಿನ ಮಸಾರಿ ಊರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಇಬ್ಬರಿಗೂ ಸುಳ್ಳು. ಇನ್ನೊಂದೆಡೆ, 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತವಾಗಿರುವುದರಿಂದ ಮೋಟಾರು ಎಷ್ಟು ಗಂಟೆ ಓಡಿತೆಂದು ರೈತನ ಬಿಲ್ಲಿನಿಂದ ತಿಳಿಯುವ ದಾರಿ ಮುಚ್ಚಿದೆ. ಆದರೂ ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಪಂಪುಗಳ ವಿದ್ಯುತ್ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿರುವ ಕಡೆ ಒಂದು ಫೀಡರಿನಲ್ಲಿ ಎಷ್ಟು ಯೂನಿಟ್ ಹರಿಯಿತೆಂಬ ಲೆಕ್ಕ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ ಬಳಿ ಇರುತ್ತದೆ. ಬೇಸಿಗೆಯ ಹಸಿರು ನಕ್ಷೆಯನ್ನು ಆ ಫೀಡರಿನ ಯೂನಿಟ್ಟಿನ ಪಕ್ಕದಲ್ಲಿಟ್ಟರೆ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ: ಹಸಿರಿನ ಎಕರೆ ಅಷ್ಟೇ ಇದ್ದು ಯೂನಿಟ್ ಮಾತ್ರ ವರ್ಷದಿಂದ ವರ್ಷಕ್ಕೆ ಏರಿದರೆ, ಅಷ್ಟೇ ನೀರನ್ನು ಹೆಚ್ಚು ಆಳದಿಂದ ಎತ್ತಲಾಗುತ್ತಿದೆ ಎಂದರ್ಥ. ಯಾವ ಉಪಗ್ರಹಕ್ಕೂ ಕಾಣದ ನೀರಿನ ಮಟ್ಟ ಕರೆಂಟಿನ ಮೀಟರಿನಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಎರಡು ಇಲಾಖೆಗಳ ಎರಡು ಕಡತಗಳು ಒಂದೇ ಮೇಜಿನ ಮೇಲೆ ಬರಬೇಕು, ಅಷ್ಟೇ. ಆದರೆ ಸರ್ಕಾರಿ ವ್ಯವಸ್ಥೆಯನ್ನು ಬಲ್ಲವರು ಉಪಗ್ರಹ ಹಾರಿಸುವುದೇ ಅದಕ್ಕಿಂತ ಸುಲಭವೆಂದಾರು.

ಬಾನಿನಿಂದ ತೆಗೆದ ಚಿತ್ರ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ತಂತ್ರಜ್ಞಾನದ ಪ್ರಶ್ನೆಗಿಂತ ಕಠಿಣವಾದದ್ದು. ಸರ್ವೆ ನಂಬರಿನ ಮೇಲೆ ಹಸಿರು ಬಣ್ಣ ಕಂಡ ಕೂಡಲೇ ದಂಡವೋ ತೆರಿಗೆಯೋ ಬರುತ್ತದೆಂಬ ಭಯ ರೈತನಿಗೆ ಸಹಜ. ಆ ಭಯ ಹುಟ್ಟಿದರೆ ನೆಲದ ಮೇಲಿನ ಮಾಹಿತಿ ಸಿಗುವುದು ನಿಲ್ಲುತ್ತದೆ, ನೆಲದ ಮಾಹಿತಿಯಿಲ್ಲದ ಚಿತ್ರ ಅರ್ಧ ಸುಳ್ಳಾಗುತ್ತದೆ. ನೆಲದ ಒಡೆಯನೇ ಅದರಡಿಯ ನೀರಿಗೂ ಒಡೆಯನೆಂಬ 1882ರ ಕಾಯ್ದೆಯ ಕಾಲದ ತಿಳಿವಳಿಕೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿರುವಾಗ, ಮೇಲಿನಿಂದ ಬರುವ ಆಜ್ಞೆಗಿಂತ ಗ್ರಾಮಸಭೆಯಲ್ಲಿ ಗೋಡೆಗೆ ತೂಗುಹಾಕಿದ ಹಳ್ಳಿಯ ನಕ್ಷೆ ಹೆಚ್ಚು ಕೆಲಸ ಮಾಡೀತು. ಆ ನಕ್ಷೆಯಲ್ಲಿ ತಪ್ಪಿದ್ದರೆ, ಅದು ನೀಲಗಿರಿ, ತೋಟವಲ್ಲ ಎಂದು ಎದ್ದು ನಿಂತು ಹೇಳುವವರು ಅಲ್ಲೇ ಇರುತ್ತಾರೆ.

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಬಂಡೆಯ ಬಿರುಕುಗಳು ಮಾರು ಮಾರಿಗೆ ಬದಲಾಗುವ ಈ ಸೀಮೆಗೆ ತಾಲ್ಲೂಕಿನ ಅಲ್ಲೊಂದು ಇಲ್ಲೊಂದು ಬಾವಿ ಸಾಲದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಕೆರೆಯ ಕೆಳಗೊಂದು, ಏರಿನಲ್ಲೊಂದು, ತೋಟಗಳ ನಡುವೊಂದು ಎಂಬಂತೆ, ನೀರೆತ್ತದ ಕೆಲವು ಬೋರುಗಳನ್ನು ಅಳತೆಗೆಂದೇ ಮೀಸಲಿಡಬೇಕಾಗುತ್ತದೆ. ಕೈಬಿಟ್ಟ ಬೋರುಗಳು ಎಲ್ಲ ಊರುಗಳಲ್ಲೂ ಇರುವುದರಿಂದ ಹೊಸದಾಗಿ ಕೊರೆಯುವ ಖರ್ಚಿಲ್ಲ. ಮಕ್ಕಳು ಬೀಳದಂತೆ ಬಾಯಿಗೆ ಗಟ್ಟಿಯಾದ ಮುಚ್ಚಳ ಹಾಕಿ, ಅದರಲ್ಲಿ ಅಳತೆಯ ಟೇಪು ಇಳಿಯುವಷ್ಟು ರಂಧ್ರವಿದ್ದರೆ ಸಾಕು. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದು ನವೆಂಬರಿನಲ್ಲೊಮ್ಮೆ ಟೇಪು ಇಳಿಸಿ, ಬಂದ ಅಂಕಿಯನ್ನು ಅದೇ ತಿಂಗಳಿನ ಹಸಿರು ನಕ್ಷೆಯ ಬದಿಯಲ್ಲಿ ಬರೆಯಬೇಕು. ಟೇಪು ತಳ ಮುಟ್ಟಿ ಒಣಗಿಯೇ ಮೇಲೆ ಬಂದರೆ ಆ ಮನೆಯನ್ನು ಖಾಲಿ ಬಿಡದೆ, ‘ಬತ್ತಿದೆ’ ಎಂದೂ ಬೋರಿನ ಪೂರ್ತಿ ಆಳ ಇಷ್ಟು ಅಡಿ ಎಂದೂ ನಮೂದಿಸಬೇಕು.